ಮುಗಿದ ಪ್ರದರ್ಶನ ಎಲ್ಲಿಗೆ ಹೋಗುತ್ತದೆ?

(ಚಿತ್ರಕಲಾ ವಿದ್ಯಾರ್ಥಿಗಳು ಮತ್ತು ಕಲಾಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)



ಮೈಸೂರಿನ ದಸರಾ ವಸ್ತುಪ್ರದರ್ಶನವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಆದರೆ ಅದು ಮುಗಿದ ಮಾರನೆಯ ದಿನ ಆ ಮೈದಾನಕ್ಕೆ ಹೋಗಿ ನೋಡಿದವರು ಎಷ್ಟು ಮಂದಿ? ನಾನು ಹುಡುಗನಾಗಿದ್ದಾಗ ಒಮ್ಮೆ ಹೋಗಿದ್ದೆ. ಹಿಂದಿನ ದಿನದವರೆಗೆ ದೀಪದ ಸಾಲು, ಧ್ವನಿವರ್ಧಕದ ಗದ್ದಲ, ಹಪ್ಪಳದ ವಾಸನೆ ಇದ್ದ ಜಾಗದಲ್ಲಿ ಈಗ ಕಿತ್ತು ಹಾಕಿದ ಗಳುಗಳು, ಹಗ್ಗದ ತುಂಡುಗಳು, ಕಡಲೆಕಾಯಿ ಸಿಪ್ಪೆ. ‘ಇಷ್ಟೆಲ್ಲ ಎಲ್ಲಿಗೆ ಹೋಯಿತು?’ ಎಂದು ಜೊತೆಗಿದ್ದ ನನ್ನ ಸೋದರಮಾವನನ್ನು ಕೇಳಿದೆ. ‘ಎಲ್ಲಿಗೂ ಹೋಗಲಿಲ್ಲವೋ, ಮುಗಿಯಿತು ಅಷ್ಟೆ’ ಎಂದರು. ಆ ಉತ್ತರ ನನಗೆ ಅಂದು ಸಾಲದಾಗಿತ್ತು, ಇಂದಿಗೂ ಸಾಲದು. ಅದೇ ಪ್ರಶ್ನೆಯನ್ನು ಇವತ್ತು ಸ್ವಲ್ಪ ದೊಡ್ಡದು ಮಾಡಿ ನಿಮ್ಮ ಮುಂದೆ ಇಡಲು ಬಂದಿದ್ದೇನೆ.

ಒಂದು ಚಿತ್ರವನ್ನು ಗೋಡೆಯಿಂದ ಇಳಿಸಿದರೂ ಅದು ಎಲ್ಲೋ ಇರುತ್ತದೆ. ಒಂದು ಶಿಲ್ಪ ಉಗ್ರಾಣದಲ್ಲಿ ಧೂಳು ಹಿಡಿದರೂ ಇರುತ್ತದೆ. ಆದರೆ ಪ್ರದರ್ಶನ ಎಂಬುದು ವಸ್ತುವಲ್ಲ. ಇಂತಿಂಥ ಕೃತಿಗಳು, ಇಂಥ ಊರಿನಲ್ಲಿ, ಇಂಥ ಜನರೆದುರು, ಇಷ್ಟು ದಿನ ಒಟ್ಟಿಗೆ ಇದ್ದವು ಎಂಬ ಒಂದು ಸಂಗತಿ ಅದು. ಸಂಗತಿಯನ್ನು ಕಪಾಟಿನಲ್ಲಿ ಇಡುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ನಾನು ಆರಿಸಿಕೊಂಡಿರುವುದು ಅಮೆರಿಕದ ಷಿಕಾಗೋ ನಗರದ ಸಮಕಾಲೀನ ಕಲೆಯ ವಸ್ತುಸಂಗ್ರಹಾಲಯವನ್ನು, ಅಂದರೆ ‘ಮ್ಯೂಸಿಯಂ ಆಫ್ ಕಂಟೆಂಪೊರರಿ ಆರ್ಟ್’ ಎಂಬ ಸಂಸ್ಥೆಯನ್ನು. ಮೊದಲೇ ಹೇಳಿಬಿಡುತ್ತೇನೆ, ನಾನು ಹೇಳಲಿರುವ ಪ್ರದರ್ಶನಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವನು ನಾನಲ್ಲ. ಹಾಗಿದ್ದೂ ಅವುಗಳ ಬಗ್ಗೆ ಮಾತನಾಡುವುದು ಸಾಧ್ಯವಾಗಿದೆಯಲ್ಲ, ಅದೇ ಇವತ್ತಿನ ವಿಷಯ.

ವಸ್ತುವಿಲ್ಲದ ಸಂಗ್ರಹಾಲಯ

ಷಿಕಾಗೋ ಎಂದೊಡನೆ ನಮಗೆ 1893ರ ಸರ್ವಧರ್ಮ ಸಮ್ಮೇಳನ, ಸ್ವಾಮಿ ವಿವೇಕಾನಂದರು ನೆನಪಾಗುತ್ತಾರೆ. ಅವರು ಮಾತನಾಡಿದ ಕಟ್ಟಡವೇ ಆ ಊರಿನ ಹಳೆಯ, ಪ್ರತಿಷ್ಠಿತ ಕಲಾಸಂಸ್ಥೆಯಾದ ‘ಆರ್ಟ್ ಇನ್‌ಸ್ಟಿಟ್ಯೂಟ್’ ಇರುವ ಕಟ್ಟಡ. ಸಾಹಿತ್ಯದ ಓದುಗರಿಗೆ ಮತ್ತೊಬ್ಬರು ನೆನಪಾದಾರು: ಮೈಸೂರಿನ ಎ.ಕೆ. ರಾಮಾನುಜನ್. 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಅವರು ಪಾಠ ಹೇಳಿದ್ದು ಆ ಊರಿನ ವಿಶ್ವವಿದ್ಯಾಲಯದಲ್ಲಿ. ಅವರನ್ನು ಕೊನೆಯಲ್ಲಿ ಮತ್ತೆ ನೆನೆಯುತ್ತೇನೆ.

ಹೊಸ ಕಲೆಗೆ ಹಳೆಯ ಸಂಸ್ಥೆಯಲ್ಲಿ ಜಾಗ ಸಾಲದೆನಿಸಿದ ಕೆಲವು ಸಂಗ್ರಾಹಕರು, ವಿಮರ್ಶಕರು ಸೇರಿ 1967ರ ಅಕ್ಟೋಬರಿನಲ್ಲಿ ಆಂಟೇರಿಯೊ ಬೀದಿಯಲ್ಲಿ ಈ ಸಂಸ್ಥೆಯನ್ನು ತೆರೆದರು. ಕಟ್ಟಡ ಭವ್ಯವೇನಲ್ಲ. ಮೊದಲು ಅಲ್ಲಿ ಬೇಕರಿ ಇತ್ತು, ಆಮೇಲೆ ಪ್ಲೇಬಾಯ್ ಪತ್ರಿಕೆಯ ಕಂಪನಿಯ ಕಚೇರಿ ಇತ್ತು. ಮೊದಲ ನಿರ್ದೇಶಕನಾಗಿ ಬಂದವನು ಹಾಲೆಂಡ್ ಮೂಲದ ಯಾನ್ ವ್ಯಾನ್ ಡರ್ ಮಾರ್ಕ್. ಆರಂಭದ ವರ್ಷಗಳಲ್ಲಿ ಈ ಸಂಸ್ಥೆ ಒಂದು ವಿಚಿತ್ರ ನಿಯಮವನ್ನು ಪಾಲಿಸಿತು. ಅದು ಏನನ್ನೂ ಸಂಗ್ರಹಿಸುತ್ತಿರಲಿಲ್ಲ; ಪ್ರದರ್ಶನ ಏರ್ಪಡಿಸುವುದು, ಮುಗಿಸುವುದು, ಮತ್ತೊಂದನ್ನು ಏರ್ಪಡಿಸುವುದು, ಇಷ್ಟೇ ಅದರ ಕೆಲಸ. ನಮ್ಮ ಭಾಷೆಯಲ್ಲಿ ಮ್ಯೂಸಿಯಮ್ಮಿಗೆ ‘ವಸ್ತುಸಂಗ್ರಹಾಲಯ’ ಎನ್ನುತ್ತೇವಲ್ಲ, ಇಲ್ಲಿ ವಸ್ತುವೂ ಇಲ್ಲ, ಸಂಗ್ರಹವೂ ಇಲ್ಲ, ಉಳಿದದ್ದು ಆಲಯ ಮಾತ್ರ!

ಆ ಆಲಯದಲ್ಲಿ ಮೊದಮೊದಲು ನಡೆದ ಪ್ರದರ್ಶನಗಳಲ್ಲಿ ಒಂದು ಡಾನ್ ಫ್ಲೇವಿನ್‌ನದು. ಅವನು ಬಳಸಿದ್ದು ಬಣ್ಣವನ್ನಲ್ಲ, ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟುಗಳನ್ನು. 1967ರ ಡಿಸೆಂಬರಿನಲ್ಲಿ ಗುಲಾಬಿ ಮತ್ತು ಹೊಂಬಣ್ಣದ ಟ್ಯೂಬುಗಳನ್ನು ಗೋಡೆಗಳ ಉದ್ದಕ್ಕೂ ನಿಲ್ಲಿಸಿ, ಇಡೀ ಕೋಣೆಯನ್ನೇ ಬೆಳಕಿನ ಬಣ್ಣದಲ್ಲಿ ಅದ್ದಿದ. ಮ್ಯೂಸಿಯಂ ಒಂದರಲ್ಲಿ ಅವನ ಮೊದಲ ಏಕವ್ಯಕ್ತಿ ಪ್ರದರ್ಶನ ಅದು. ಸ್ವಿಚ್ ಆರಿಸಿದರೆ ಚಿತ್ರವಿಲ್ಲ. ಟ್ಯೂಬ್ ಹಾಳಾದರೆ ಬೇರೆ ಟ್ಯೂಬ್ ಹಾಕಬೇಕು. ಹಾಗಾದರೆ ‘ಮೂಲ ಕೃತಿ’ ಎಂದರೆ ಯಾವುದು? ಗಾಜಿನ ಕೊಳವೆಯೇ, ಬೆಳಕೇ, ಅಥವಾ ಹೀಗೆ ನಿಲ್ಲಿಸಬೇಕೆಂಬ ಯೋಚನೆಯೇ? ಆ ಪುಟ್ಟ ಕಟ್ಟಡ ಬಾಗಿಲು ತೆರೆದ ಮೂರೇ ತಿಂಗಳಲ್ಲಿ ಈ ಪ್ರಶ್ನೆ ಅದರ ಎದುರು ನಿಂತಿತ್ತು.

ಟಾರ್ಪಾಲು ಹೊದ್ದ ಕಟ್ಟಡ

1969ರ ಜನವರಿ. ಷಿಕಾಗೋದ ಚಳಿ ಮೈ ಕೊರೆಯುವ ಕಾಲ. ಬಲ್ಗೇರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕ್ರಿಸ್ಟೊ ಮತ್ತು ಅವನ ಪತ್ನಿ ಜಾನ್-ಕ್ಲೋಡ್ ಇಡೀ ಮ್ಯೂಸಿಯಂ ಕಟ್ಟಡವನ್ನೇ ಗಂಟು ಕಟ್ಟಿದರು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಲಾರಿಯ ಸರಕಿಗೆ, ಬಣವೆಗೆ ಹೊದಿಸುವಂಥ ದಪ್ಪ ಕಂದು ಟಾರ್ಪಾಲು, ಸುಮಾರು 10,000 ಚದರ ಅಡಿ. ಅದರ ಮೇಲೆ ಹಗ್ಗದ ಬಿಗಿತ. ಒಳಗಡೆ ಗೋಡೆಗಳ ಮೇಲೆ ಏನೂ ಇಲ್ಲ. ನೆಲಕ್ಕೆ ಮಾತ್ರ ಬಣ್ಣ ಬಳಿಯುವವರು ಹಾಸುವಂಥ ಬಟ್ಟೆ ಹೊದಿಸಿದ್ದರು. ಅಮೆರಿಕದಲ್ಲಿ ಅವರು ಹೀಗೆ ಸುತ್ತಿದ ಮೊದಲ ಕಟ್ಟಡ ಇದು. ಅದಕ್ಕೆ ಹಿಂದಿನ ವರ್ಷ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಕಲಾಭವನವನ್ನು ಸುತ್ತಿದ್ದರು.

ಇದು ಹುಚ್ಚಾಟ ಎಂದವರು ಅಂದೂ ಇದ್ದರು, ನಿಮ್ಮಲ್ಲಿಯೂ ಇರಬಹುದು. ಆದರೆ ಒಂದು ಕ್ಷಣ ಯೋಚಿಸಿ. ಮ್ಯೂಸಿಯಂ ಏನು ಮಾಡುತ್ತದೆ? ಬೆಲೆಬಾಳುವ ವಸ್ತುಗಳನ್ನು ಸುತ್ತಿ, ಕಟ್ಟಿ, ಜೋಪಾನ ಮಾಡುತ್ತದೆ. ಕ್ರಿಸ್ಟೊ ದಂಪತಿಗಳು ಜೋಪಾನ ಮಾಡುವ ಮನೆಯನ್ನೇ ಸುತ್ತಿ ಕಟ್ಟಿದರು. ದಿನವೂ ಆ ಬೀದಿಯಲ್ಲಿ ಹೋಗುತ್ತ ಕಟ್ಟಡವನ್ನು ನೋಡದೆ ಹೋಗುತ್ತಿದ್ದವರು, ಅದು ಮುಚ್ಚಿಹೋದ ಮೇಲೆ ನಿಂತು ನೋಡುವಂತಾಯಿತು. ಗರ್ಭಗುಡಿಗೆ ಪರದೆ ಎಳೆದಾಗಲೇ ಒಳಗಿನ ದೇವರ ಬಗ್ಗೆ ಕಾತರ ಹೆಚ್ಚುವುದನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಾದ ಅನುಭವವೇನೂ ಅಲ್ಲ.

ಕೆಲವು ವಾರಗಳ ಬಳಿಕ ಟಾರ್ಪಾಲು ಬಿಚ್ಚಿದರು. ಉಳಿದದ್ದು ಛಾಯಾಚಿತ್ರಗಳು, ರೇಖಾಚಿತ್ರಗಳು, ಸುದ್ದಿಯ ತುಣುಕುಗಳು. ಇದೇ ದಂಪತಿಗಳು 1995ರಲ್ಲಿ ಬರ್ಲಿನ್ನಿನ ಸಂಸತ್ ಭವನ ರೈಷ್‌ಸ್ಟಾಗ್ ಅನ್ನು ಸುತ್ತಿದರು. ಎರಡು ವಾರ ಇದ್ದು ಅದೂ ಹೋಯಿತು. ಜಾನ್-ಕ್ಲೋಡ್ 2009ರಲ್ಲಿ, ಕ್ರಿಸ್ಟೊ 2020ರಲ್ಲಿ ತೀರಿಕೊಂಡರು. ಅವರು ಹಾಕಿಟ್ಟ ಯೋಜನೆಯಂತೆ 2021ರಲ್ಲಿ ಪ್ಯಾರಿಸ್ಸಿನ ವಿಜಯದ್ವಾರವನ್ನು ಬೇರೆಯವರು ಸುತ್ತಿದರು. ಕಲಾವಿದರು ಹೋದ ಮೇಲೂ ಕೃತಿ ನಡೆಯಿತು. ನಡೆದು ಅದೂ ಅಳಿಯಿತು.

ಟೆಲಿಫೋನಿನಲ್ಲಿ ಬಂದ ಕಲೆ

ಅದೇ ವರ್ಷ ನವೆಂಬರಿನಲ್ಲಿ ವ್ಯಾನ್ ಡರ್ ಮಾರ್ಕ್ ಮತ್ತೊಂದು ಸಾಹಸ ಮಾಡಿದ. ಪ್ರದರ್ಶನದ ಹೆಸರು ‘ಆರ್ಟ್ ಬೈ ಟೆಲಿಫೋನ್’. ಮೂವತ್ತಕ್ಕೂ ಹೆಚ್ಚು ಕಲಾವಿದರನ್ನು ಆಹ್ವಾನಿಸಲಾಯಿತು, ಆದರೆ ಯಾರೂ ಕೃತಿಯನ್ನು ಕಳಿಸುವಂತಿಲ್ಲ, ನಕ್ಷೆಯನ್ನೂ ಕಳಿಸುವಂತಿಲ್ಲ. ಏನು ಮಾಡಬೇಕೆಂಬುದನ್ನು ಫೋನಿನಲ್ಲಿ ಹೇಳಬೇಕು. ಕೇಳಿಸಿಕೊಂಡು ಮಾಡುವವರು ಮ್ಯೂಸಿಯಮ್ಮಿನವರು. ಟ್ರಂಕ್ ಕಾಲ್ ಕಾಲವನ್ನು ಕಂಡಿರುವ ಹಿರಿಯರಿಗೆ ಇದರ ಕಷ್ಟ ಅರ್ಥವಾದೀತು. ‘ಮದುವೆಗೆ ನೂರು ಎಲೆ ತನ್ನಿ’ ಎಂದದ್ದು ಆ ಕಡೆ ಏನಾಗಿ ಕೇಳಿಸುತ್ತಿತ್ತೋ ದೇವರೇ ಬಲ್ಲ.

ಈ ಕಲ್ಪನೆಗೆ ಒಂದು ಪೂರ್ವಕಥೆ ಇದೆ. ಹಂಗೇರಿಯ ಕಲಾವಿದ ಮೊಹೊಲಿ-ನಾಗ್ 1920ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿದ್ದಾಗ, ಫಲಕ ತಯಾರಿಸುವ ಕಾರ್ಖಾನೆಯೊಂದಕ್ಕೆ ಹೇಳಿ ಎನಾಮಲ್ ಚಿತ್ರಗಳನ್ನು ಮಾಡಿಸಿದ್ದ. ಚಿತ್ರಕಾರನ ಕೈ ಕುಂಚ ಹಿಡಿಯಲೇಬೇಕೆ ಎಂಬುದು ಅವನ ಪ್ರಶ್ನೆ. ಅವು ಮುಂದೆ ‘ಟೆಲಿಫೋನ್ ಚಿತ್ರಗಳು’ ಎಂದೇ ಹೆಸರಾದವು. ಆ ಮೊಹೊಲಿ-ನಾಗ್ 1937ರಲ್ಲಿ ಷಿಕಾಗೋಗೆ ಬಂದು ವಿನ್ಯಾಸದ ಶಾಲೆ ತೆರೆದ. 1946ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದ. ಅವನ ಪ್ರಶ್ನೆಗೆ ಅವನ ಊರಿನವರು ತಡವಾಗಿ ಕೊಟ್ಟ ಗೌರವ ಈ ಪ್ರದರ್ಶನ.

ಇಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದರ ಕ್ಯಾಟಲಾಗು. ಅದು ಪುಸ್ತಕವಲ್ಲ, ಗ್ರಾಮಫೋನ್ ತಟ್ಟೆ! ಕಲಾವಿದರು ಫೋನಿನಲ್ಲಿ ಹೇಳಿದ ಮಾತುಗಳನ್ನು ಧ್ವನಿಮುದ್ರಿಸಿ ತಟ್ಟೆಯಾಗಿ ಹೊರತಂದರು. ಪ್ರದರ್ಶನ ಡಿಸೆಂಬರಿನಲ್ಲಿ ಮುಗಿಯಿತು. ತಟ್ಟೆ ಉಳಿಯಿತು. ಮಾತೇ ಕೃತಿಯಾಗಿದ್ದಾಗ ಮಾತನ್ನು ಉಳಿಸಿಕೊಂಡದ್ದು ಎಷ್ಟು ಸರಿಯಾದ ಕೆಲಸ ನೋಡಿ. ಯಾವುದನ್ನು ಉಳಿಸಬೇಕು ಎಂಬುದು ಪ್ರದರ್ಶನದ ಸ್ವಭಾವವನ್ನು ನೋಡಿ ತೀರ್ಮಾನಿಸಬೇಕಾದ ವಿಷಯ. ಎಲ್ಲದಕ್ಕೂ ಬಣ್ಣದ ಫೋಟೊ ಒಂದೇ ಮದ್ದಲ್ಲ.

ಗಾಜಿನ ಹಿಂದೆ ಮಲಗಿದವನು

ಈಗ ಸ್ವಲ್ಪ ಕಷ್ಟದ ಕಥೆ. 1975ರ ಏಪ್ರಿಲ್. ಕ್ರಿಸ್ ಬರ್ಡನ್ ಎಂಬ ಇಪ್ಪತ್ತೊಂಬತ್ತರ ಕಲಾವಿದ ಈ ಮ್ಯೂಸಿಯಮ್ಮಿಗೆ ಬಂದ. ನಾಲ್ಕು ವರ್ಷದ ಹಿಂದೆ ಗೆಳೆಯನೊಬ್ಬನಿಂದ ತನ್ನ ತೋಳಿಗೆ ಗುಂಡು ಹೊಡೆಸಿಕೊಂಡು ಅದನ್ನೇ ಕಲಾಕೃತಿ ಎಂದು ಕರೆದವನು ಅವನು. ಜನ ಏನೋ ಭಯಂಕರವಾದದ್ದನ್ನು ನಿರೀಕ್ಷಿಸಿ ಬಂದಿದ್ದರು. ಅವನು ಗೋಡೆಯ ಮೇಲೆ ಒಂದು ಗಡಿಯಾರ ತೂಗಿಹಾಕಿದ, ಗೋಡೆಗೆ ಓರೆಯಾಗಿ ಒಂದು ದೊಡ್ಡ ಗಾಜಿನ ಹಲಗೆ ಆನಿಸಿದ, ಅದರ ಹಿಂದಿನ ಸಂದಿಯಲ್ಲಿ ಹೋಗಿ ಮಲಗಿದ. ಅಷ್ಟೆ. ಕೃತಿಯ ಹೆಸರು ‘ಡೂಮ್ಡ್’, ಅಂದರೆ ವಿನಾಶವೇ ಗತಿಯಾದವನು.

ಒಂದು ಗಂಟೆ ಕಳೆಯಿತು, ಎರಡಾಯಿತು. ರಾತ್ರಿಯಾಯಿತು, ಬೆಳಗಾಯಿತು. ಅವನು ಅನ್ನ ನೀರು ಮುಟ್ಟಲಿಲ್ಲ, ಏಳಲಿಲ್ಲ. ಮ್ಯೂಸಿಯಮ್ಮಿನವರಿಗೆ ದಿಗಿಲು. ನಿಲ್ಲಿಸು ಎಂದರೆ ಕೃತಿಯನ್ನು ಕೆಡಿಸಿದ ಹಾಗೆ. ಸುಮ್ಮನಿದ್ದರೆ ಮನುಷ್ಯನ ಗತಿ ಏನು? ಎರಡನೆಯ ರಾತ್ರಿಯೂ ಹೀಗೇ ಕಳೆಯಿತು. ಕೊನೆಗೆ ಸಿಬ್ಬಂದಿಯಲ್ಲಿ ಒಬ್ಬಾತ ನೀರಿನ ಹೂಜಿಯೊಂದನ್ನು ತಂದು ಅವನ ಕೈಗೆಟುಕುವಂತೆ ಇಟ್ಟ. ತಕ್ಷಣ ಬರ್ಡನ್ ಎದ್ದ. ಸುತ್ತಿಗೆ ತಂದು ಗಡಿಯಾರವನ್ನು ಒಡೆದ. ಅವನು ಮಲಗಿ 45 ಗಂಟೆ 10 ನಿಮಿಷ ಆಗಿತ್ತು.

ಅವನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ನಿಯಮ ಇಷ್ಟೆ: ಗಡಿಯಾರ, ಗಾಜು, ತಾನು, ಈ ಮೂರರಲ್ಲಿ ಯಾವುದರ ವಿಷಯಕ್ಕೆ ಮ್ಯೂಸಿಯಮ್ಮಿನವರು ಕೈ ಹಾಕಿದರೂ ಆ ಕ್ಷಣ ಕೃತಿ ಮುಗಿಯುತ್ತದೆ. ಅಂದರೆ ಮುಗಿಸುವ ಕೀಲಿ ಮೊದಲ ನಿಮಿಷದಿಂದ ಅವರ ಕೈಯಲ್ಲಿಯೇ ಇತ್ತು, ಅದು ಅವರಿಗೆ ತಿಳಿದಿರಲಿಲ್ಲ. ಬಂದವರಿಗೆ ಮೊದಲು ನೀರು-ಬೆಲ್ಲ ಕೊಟ್ಟು ಆಮೇಲೆ ಯಾರು ಎಂದು ಕೇಳುವ ಸಂಪ್ರದಾಯದ ನಮ್ಮ ಹಳ್ಳಿಯ ಅಜ್ಜಿಯೊಬ್ಬಳು ಅಲ್ಲಿದ್ದಿದ್ದರೆ ಕೃತಿ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಕಲೆಯ ಮೇಲಿನ ಗೌರವ ಮನುಷ್ಯನ ಮೇಲಿನ ಕನಿಕರವನ್ನು 45 ಗಂಟೆ ತಡೆದು ನಿಲ್ಲಿಸಿತ್ತಲ್ಲ, ಅದೇ ಈ ಕೃತಿ ತೋರಿಸಿದ ಸತ್ಯ. ಬರ್ಡನ್ 2015ರಲ್ಲಿ ತೀರಿಕೊಂಡ. ಆ ಪ್ರದರ್ಶನ ಉಳಿದಿರುವುದು ಕಂಡವರು ಬರೆದಿಟ್ಟ ಮಾತುಗಳಲ್ಲಿ. ಪತ್ರಿಕೆಗೆ ಅದರ ಬಗ್ಗೆ ಬರೆದವರಲ್ಲಿ ಒಬ್ಬ, ಮುಂದೆ ಚಲನಚಿತ್ರ ವಿಮರ್ಶಕನಾಗಿ ಜಗತ್ತಿಗೇ ಪರಿಚಿತನಾದ ರೋಜರ್ ಎಬರ್ಟ್.

ಒಂದೇ ಜನವರಿ, ಎರಡು ವಿಧಿ

1974ರಲ್ಲಿಯೇ ಸಂಸ್ಥೆ ತನ್ನ ಹಳೆಯ ನಿಯಮವನ್ನು ಸಡಿಲಿಸಿ ಕೃತಿಗಳನ್ನು ಸಂಗ್ರಹಿಸಲು ತೊಡಗಿತ್ತು. ಜಾಗ ಸಾಲದಾಗಿ ಪಕ್ಕದ ಮೂರು ಅಂತಸ್ತಿನ ಹಳೆಯ ಮನೆಯನ್ನು ಕೊಂಡಿತು. ಅದನ್ನು ಒಡೆದು ಹೊಸದಾಗಿ ಕಟ್ಟುವ ಮುನ್ನ, 1978ರ ಜನವರಿಯಲ್ಲಿ, ಗಾರ್ಡನ್ ಮಟ್ಟಾ-ಕ್ಲಾರ್ಕ್ ಎಂಬ ಕಲಾವಿದನಿಗೆ ಆ ಮನೆಯನ್ನು ಒಪ್ಪಿಸಿತು. ಅವನ ಉಪಕರಣ ಗರಗಸ. ಗೋಡೆ, ಮಾಳಿಗೆ, ನೆಲ ಎನ್ನದೆ ದೊಡ್ಡ ದೊಡ್ಡ ವೃತ್ತಗಳನ್ನು ಕೊರೆದ. ಕಿತ್ತಳೆಯನ್ನು ಸುಲಿದಂತೆ ಮನೆಯನ್ನು ಸುಲಿದ. ಒಳಗೆ ನಿಂತವರಿಗೆ ಮೂರು ಅಂತಸ್ತೂ ಒಟ್ಟಿಗೆ ಕಾಣುತ್ತಿತ್ತು, ಬೆಳಕು ಎಲ್ಲೆಲ್ಲಿಂದಲೋ ಬೀಳುತ್ತಿತ್ತು. ‘ಸರ್ಕಸ್’ ಎಂಬ ಹೆಸರಿನ ಆ ಕೃತಿ ಅವನು ಕೊರೆದ ಕೊನೆಯ ಕಟ್ಟಡವಾಯಿತು. ಅದೇ ಆಗಸ್ಟಿನಲ್ಲಿ, 35ನೆಯ ವಯಸ್ಸಿನಲ್ಲಿ, ಅವನು ಕ್ಯಾನ್ಸರಿನಿಂದ ತೀರಿಕೊಂಡ. ಮನೆ ಮ್ಯೂಸಿಯಮ್ಮಿನ ಹೊಸ ಭಾಗವಾಗಿ ರೂಪಾಂತರಗೊಂಡು, ಕೃತಿ ಹೇಳಹೆಸರಿಲ್ಲವಾಯಿತು. ಅವನು ತೆಗೆದು ಜೋಡಿಸಿದ ಛಾಯಾಚಿತ್ರಗಳು ಮಾತ್ರ ಉಳಿದಿವೆ.

ಅದೇ 1978ರ ಜನವರಿಯಲ್ಲಿ, ಪಕ್ಕದ ಮೂಲ ಕಟ್ಟಡದಲ್ಲಿ, ಮೆಕ್ಸಿಕೋದ ಫ್ರಿಡಾ ಕಾಹ್ಲೊಳ ಚಿತ್ರಗಳ ಪ್ರದರ್ಶನ ಆರಂಭವಾಯಿತು. ಇಂದು ಅವಳ ಮುಖ ಕಾಣದ ಅಂಗಿಯಿಲ್ಲ, ಚೀಲವಿಲ್ಲ. ಆದರೆ ಅಂದು ಅವಳು ತೀರಿಕೊಂಡು ಇಪ್ಪತ್ತಮೂರು ವರ್ಷ ಕಳೆದಿತ್ತು. ಅಮೆರಿಕದ ಹೆಚ್ಚಿನವರಿಗೆ ಅವಳು ಭಿತ್ತಿಚಿತ್ರಕಾರ ಡಿಯಾಗೊ ರಿವೇರಾನ ಹೆಂಡತಿ, ಅಷ್ಟೆ. ಅಮೆರಿಕದ ಮ್ಯೂಸಿಯಂ ಒಂದು ಅವಳಿಗಾಗಿಯೇ ಪ್ರದರ್ಶನ ಏರ್ಪಡಿಸಿದ್ದು ಅದೇ ಮೊದಲು. ಅಲ್ಲಿಂದ ಅದು ಬೇರೆ ಊರುಗಳಿಗೂ ಹೋಯಿತು. ಅದರ ಕ್ಯಾಟಲಾಗಿಗೆ ಬರೆದ ಹೇಡನ್ ಹೆರೇರಾ 1983ರಲ್ಲಿ ಅವಳ ಜೀವನಚರಿತ್ರೆಯನ್ನು ಪ್ರಕಟಿಸಿದಳು. ಆ ಪುಸ್ತಕದಿಂದ ಫ್ರಿಡಾಳ ಹೆಸರು ಲೋಕದ ತುಂಬ ಹರಡಿತು.

ಒಂದೇ ತಿಂಗಳು, ಒಂದೇ ಬೀದಿ, ಒಂದಕ್ಕೊಂದು ಅಂಟಿಕೊಂಡ ಎರಡು ಮನೆ. ಒಂದರಲ್ಲಿ ಕೃತಿ ಅಳಿಯಲು ಸಿದ್ಧವಾಗುತ್ತಿದೆ. ಇನ್ನೊಂದರಲ್ಲಿ ಮರೆತುಹೋಗಿದ್ದ ಹೆಣ್ಣೊಬ್ಬಳು ಮತ್ತೆ ಹುಟ್ಟುತ್ತಿದ್ದಾಳೆ. ಒಂದು ಪ್ರದರ್ಶನ ಎಲ್ಲಿಗೆ ಹೋಗುತ್ತದೆ ಎಂಬ ನನ್ನ ಬಾಲ್ಯದ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು. ಕೆಲವು ಪ್ರದರ್ಶನಗಳು ಮಣ್ಣಿಗೆ ಹೋಗುತ್ತವೆ, ಕೆಲವು ಜನರ ಕಣ್ಣಿಗೆ ಹೋಗುತ್ತವೆ.

ಒಳಗೆ ಯಾರು, ಹೊರಗೆ ಯಾರು?

ಆದರೆ ಎಲ್ಲರಿಗೂ ಒಳಗೆ ಜಾಗ ಸಿಕ್ಕಿತೆ? ಈ ಮ್ಯೂಸಿಯಂ ತೆರೆದ 1967ರಲ್ಲಿಯೇ, ನಗರದ ದಕ್ಷಿಣ ಭಾಗದ ಕಪ್ಪು ಜನರ ಬಡಾವಣೆಯಲ್ಲಿ ಕಲಾವಿದರ ಗುಂಪೊಂದು ಹಳೆಯ ಕಟ್ಟಡವೊಂದರ ಗೋಡೆಯ ಮೇಲೆ ತಮ್ಮ ನಾಯಕರ ಮುಖಗಳನ್ನು ಬರೆಯಿತು. ಮುಷ್ಟಿಯುದ್ಧದ ಮಹಮದ್ ಅಲಿ, ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ ಮುಂತಾದವರು ಅದರಲ್ಲಿದ್ದರು. ‘ಗೌರವದ ಗೋಡೆ’ ಎಂದು ಅದರ ಹೆಸರು. ಟಿಕೀಟು ಇಲ್ಲ, ಬಾಗಿಲಿಲ್ಲ. 1971ರಲ್ಲಿ ಮ್ಯೂಸಿಯಂ ಇಂಥ ಭಿತ್ತಿಚಿತ್ರಕಾರರನ್ನು ಒಳಗೆ ಕರೆದು ಅಲ್ಲಿಯೇ ಚಿತ್ರ ಬರೆಸಿತು. ಗೋಡೆಯೋ, ಬೆಂಕಿಗೆ ತುತ್ತಾದ ಕಟ್ಟಡದೊಂದಿಗೆ ನೆಲಸಮವಾಯಿತು. ಇಂದು ಆ ಗೋಡೆಯ ಚರಿತ್ರೆಯನ್ನು ಬರೆಯುವವರು ಆಶ್ರಯಿಸುವುದು ಅಲ್ಲಿ ಹಾದುಹೋದ ಛಾಯಾಚಿತ್ರಕಾರರನ್ನು, ನೆರೆಹೊರೆಯವರ ನೆನಪನ್ನು.

ಪ್ರದರ್ಶನದ ಅರ್ಥ ಊರು ಬದಲಾದರೆ ಬದಲಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ. ರಾಬರ್ಟ್ ಮ್ಯಾಪಲ್‌ಥಾರ್ಪ್ ಎಂಬ ಛಾಯಾಚಿತ್ರಕಾರನ ಪ್ರದರ್ಶನ 1989ರ ಫೆಬ್ರವರಿಯಿಂದ ಏಪ್ರಿಲ್ ತನಕ ಷಿಕಾಗೋದ ಈ ಮ್ಯೂಸಿಯಮ್ಮಿನಲ್ಲಿತ್ತು. ಪ್ರದರ್ಶನ ನಡೆಯುತ್ತಿರುವಾಗಲೇ, ಮಾರ್ಚ್ 9ರಂದು, ಅವನು ಏಡ್ಸ್‌ನಿಂದ ಸತ್ತ. ಹೂವು, ಮುಖ, ಬತ್ತಲೆ ದೇಹ ಎಲ್ಲವೂ ಇದ್ದ ಆ ಪ್ರದರ್ಶನವನ್ನು ಷಿಕಾಗೋದ ಜನ ಗದ್ದಲವಿಲ್ಲದೆ ನೋಡಿದರು. ಜೂನಿನಲ್ಲಿ ವಾಷಿಂಗ್ಟನ್ನಿನ ಸಂಸ್ಥೆಯೊಂದು ರಾಜಕಾರಣಿಗಳ ಕೋಪಕ್ಕೆ ಹೆದರಿ ಅದನ್ನೇ ರದ್ದುಮಾಡಿತು. 1990ರಲ್ಲಿ ಸಿನ್ಸಿನಾಟಿಯಲ್ಲಿ ಪೊಲೀಸರು ಬಂದರು. 175 ಚಿತ್ರಗಳಲ್ಲಿ 7 ಅಶ್ಲೀಲವೆಂದು ಅಲ್ಲಿನ ಕಲಾಕೇಂದ್ರದ ಮೇಲೂ ಅದರ ನಿರ್ದೇಶಕ ಡೆನಿಸ್ ಬ್ಯಾರಿಯ ಮೇಲೂ ಮೊಕದ್ದಮೆ ಹೂಡಲಾಯಿತು. ಸಾಮಾನ್ಯ ನಾಗರಿಕರೇ ಇದ್ದ ಪಂಚಾಯತಿ, ಅಂದರೆ ಜ್ಯೂರಿ, ಅಕ್ಟೋಬರಿನಲ್ಲಿ ನಿರ್ದೋಷಿಗಳೆಂದು ತೀರ್ಪಿತ್ತಿತು. ಚಿತ್ರಗಳು ಅವೇ, ಬದಲಾದದ್ದು ಊರು ಮತ್ತು ಗಳಿಗೆ. ಅದಕ್ಕೇ ನಾನು ಆರಂಭದಲ್ಲಿ ಹೇಳಿದ್ದು, ಪ್ರದರ್ಶನ ವಸ್ತುವಲ್ಲ, ಸಂಗತಿ ಎಂದು.

ಸ್ಥಾವರ, ಜಂಗಮ ಮತ್ತು ಒಂದು ಲಕೋಟೆ

1996ರಲ್ಲಿ ಈ ಮ್ಯೂಸಿಯಂ ಬೇಕರಿಯ ಕಟ್ಟಡವನ್ನು ಬಿಟ್ಟು, ಜರ್ಮನಿಯ ವಾಸ್ತುಶಿಲ್ಪಿ ಯೋಸೆಫ್ ಪಾಲ್ ಕ್ಲೈಹೂಸ್ ರೂಪಿಸಿದ ದೊಡ್ಡ ಭವನಕ್ಕೆ ಹೋಯಿತು. ಈಗ ಅದಕ್ಕೆ ದೊಡ್ಡ ಸಂಗ್ರಹವಿದೆ, ಎತ್ತರದ ಮೆಟ್ಟಿಲುಗಳಿವೆ. ಜಂಗಮವಾಗಿ ಹುಟ್ಟಿದ್ದು ಸ್ಥಾವರವಾಯಿತು ಎನ್ನಬಹುದು. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ವಚನಗಳ ಇಂಗ್ಲಿಷ್ ಅನುವಾದದ ಪ್ರಸ್ತಾವನೆಯಲ್ಲಿ ಸ್ಥಾವರ-ಜಂಗಮ ಎಂಬ ನಮ್ಮ ಶರಣರ ಜೋಡಿಪದವನ್ನು ಹೊರಗಿನ ಓದುಗರಿಗೆ ಬಿಡಿಸಿ ಹೇಳಿದರು. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ನಿಲ್ಲುವುದೇ ಇಲ್ಲದ ಕಲೆಯನ್ನು ತೋರಿಸುವ ಈ ಮನೆಯೂ ಇತ್ತು. ಇವೆರಡಕ್ಕೂ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಕನ್ನಡದವನಾಗಿ ಈ ಪ್ರದರ್ಶನಗಳ ಕಥೆ ಓದುವಾಗ ನನಗೆ ಆ ಎರಡು ಮಾತು ನೆನಪಾಗದೆ ಇರುವುದಿಲ್ಲ. ಜಂಗಮ ನಡೆದುಹೋಗುತ್ತದೆ, ಸರಿ. ಅದರ ಹೆಜ್ಜೆ ಗುರುತನ್ನಾದರೂ ಕಾಯುವವರು ಬೇಡವೆ?

ಕೊನೆಯದಾಗಿ ನನ್ನದೇ ಒಂದು ಮಾತು. ನಮ್ಮ ಮನೆಯ ಟ್ರಂಕಿನಲ್ಲಿ ನಾನು ನೋಡಿದ ಚಿತ್ರಪ್ರದರ್ಶನಗಳ ಆಹ್ವಾನ ಪತ್ರಿಕೆಗಳಿವೆ. ತೀರಿಕೊಂಡ ಗೆಳೆಯನೊಬ್ಬನ ಮಗಳು ಹೋದ ವರ್ಷ ಬಂದಳು. ‘ಅಂಕಲ್, ಅಪ್ಪ ಎಲ್ಲೆಲ್ಲಿ, ಯಾವಾಗ ಪ್ರದರ್ಶನ ಮಾಡಿದ್ದರು ಅಂತ ಪಟ್ಟಿ ಮಾಡಬೇಕು, ನಿಮ್ಮ ಹತ್ತಿರ ಏನಾದರೂ ಇದೆಯಾ?’ ಎಂದಳು. ಹುಡುಕಿದೆವು. ಅವನ ಮೊದಲ ಪ್ರದರ್ಶನದ್ದೋ ಎರಡನೆಯದರದ್ದೋ ಕಾರ್ಡು ಸಿಕ್ಕಿತು. ‘ನವೆಂಬರ್ 12, ಭಾನುವಾರ, ಸಂಜೆ 5 ಗಂಟೆಗೆ, ತಾವು ದಯಮಾಡಿಸಬೇಕು’ ಎಂದಿದೆ. ಇಸವಿ ಇಲ್ಲ.

ಪಂಚಾಂಗ ತೆಗೆದು ಲೆಕ್ಕ ಹಾಕಿದೆವು. ಅವನು ಪ್ರದರ್ಶನ ಮಾಡುತ್ತಿದ್ದ ವರ್ಷಗಳಲ್ಲಿ ನವೆಂಬರ್ 12 ಭಾನುವಾರ ಬಂದದ್ದು ಎರಡು ಸಲ, 1978ರಲ್ಲಿ ಮತ್ತು 1989ರಲ್ಲಿ. ಒಂದು ಆ ಹುಡುಗಿ ಹುಟ್ಟುವುದಕ್ಕೆ ಮುಂಚೆ, ಇನ್ನೊಂದು ಹುಟ್ಟಿದ ಮೇಲೆ. ‘ನಾನು ಅದನ್ನು ನೋಡಿದ್ದೇನೋ ಇಲ್ಲವೋ ಅಂತ ಕೂಡ ಗೊತ್ತಾಗುತ್ತಿಲ್ಲವಲ್ಲ’ ಎಂದು ಅವಳು ಸುಮ್ಮನಾದಳು. ಕಾರ್ಡು ಬಂದ ಲಕೋಟೆ ಇದ್ದಿದ್ದರೆ ಅಂಚೆಯ ಮುದ್ರೆ ನೋಡಿ ಹೇಳಬಹುದಿತ್ತು. ಲಕೋಟೆಯನ್ನು ಎಸೆದವನು ನಾನೇ.

ಷಿಕಾಗೋದವರಂತೆ ಗ್ರಾಮಫೋನ್ ತಟ್ಟೆ ಮಾಡಿಸುವ ಶಕ್ತಿ ನಮಗೆ ಇಲ್ಲದಿರಬಹುದು. ಇಂದು ಅದರ ಅಗತ್ಯವೂ ಇಲ್ಲ, ಜೇಬಿನ ಫೋನಿನಲ್ಲಿಯೇ ಎಲ್ಲವೂ ದಾಖಲಾಗುತ್ತದೆ. ಆದರೆ ಆ ಫೋನು ಕೆಟ್ಟ ದಿನ ಅದೂ ಹೋಗುತ್ತದೆ. ನಿಮ್ಮಲ್ಲಿ ಅನೇಕರು ಇನ್ನೆರಡು ವರ್ಷಗಳಲ್ಲಿ ಮೊದಲ ಪ್ರದರ್ಶನ ಮಾಡುತ್ತೀರಿ. ಕಾರ್ಡಿನ ಮೇಲೆ ಇಸವಿ ಹಾಕಿಸಿ. ಯಾವ ಗೋಡೆಗೆ ಯಾವ ಚಿತ್ರ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ನೋಡಲು ಬಂದವರು ಅಭಿಪ್ರಾಯ ಬರೆದ ಪುಸ್ತಕವನ್ನು, ಬೈದಿದ್ದರೂ ಸರಿಯೆ, ಎಸೆಯಬೇಡಿ. ಚಿತ್ರ ನಿಮ್ಮದು, ಮಾರಿಬಿಡಬಹುದು. ಆದರೆ ಆ ಸಂಜೆ ಅಲ್ಲಿ ಸೇರಿದವರೆಲ್ಲರದು. ಅದನ್ನು ಕಳೆಯುವ ಹಕ್ಕು ನಮಗೆ ಯಾರಿಗೂ ಇಲ್ಲ.